ರಾಹುಕಾಲ ಕಾಣುವ ಲೆನ್ಸು

ನಮ್ಮವರಿಗೆ ಇಬ್ಬರು ಹೆಂಡಿರು! ಗಾಬರಿಯಾಗಬೇಡಿ, ಪೊಲೀಸು ಕೋರ್ಟು ಅಂತ ಹೋಗುವ ವಿಷಯವಲ್ಲ. ಮೊದಲನೆಯವಳು ನಾನು. ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಟ್ಟು ಗಂಟಲು ಕೆಡಿಸಿಕೊಂಡವಳು. ಎರಡನೆಯವಳು ಬೇಲೂರಿನವಳು. ದೇವಸ್ಥಾನದ ಹಿಂಭಾಗದಲ್ಲಿ, ಸೂರಿನ ಕೆಳಗೆ, ಬಿಸಿಲೇ ಬೀಳದ ಮೂಲೆಯೊಂದರಲ್ಲಿ ಮುಖ ಒಳಗೆ ಬಾಗಿಸಿಕೊಂಡು ನಿಂತಿದ್ದಾಳೆ. ಕಲ್ಲಿನವಳು. ವಯಸ್ಸು ಒಂಬೈನೂರು. ಆದರೂ ಸೊಂಟ ನೋವು ಅಂತ ಒಂದು ದಿನ ಅಂದವಳಲ್ಲ.

ಇವಳ ಮುಖವನ್ನು ಸ್ಪಷ್ಟವಾಗಿ ಒಂದು ಫೋಟೋ ತೆಗೆಯಬೇಕು ಅನ್ನುವುದು ನಮ್ಮವರ ಜೀವನದ ಆಸೆ. ಅವರ ಹತ್ತಿರ ಇರುವುದು ಯಾರೋ ಬಳಸಿ ಬಿಟ್ಟ ಹಳೆಯ ಕ್ಯಾಮರಾ. ಅದಕ್ಕೆ ಕತ್ತಲು ಕಂಡರೆ ಆಗುವುದಿಲ್ಲ. ಜೊತೆಗೆ ಬಂದ ಲೆನ್ಸಿಗೆ ದೂರ ಕಂಡರೆ ಆಗುವುದಿಲ್ಲ. ಇವಳೋ, ದೂರದಲ್ಲೂ ಇದ್ದಾಳೆ, ಕತ್ತಲಲ್ಲೂ ಇದ್ದಾಳೆ! ಕತ್ತಲಿಗೆ ಹೊಸ ಕ್ಯಾಮರಾ ಬೇಕು, ಅಂದರೆ ಇವರ ಭಾಷೆಯಲ್ಲಿ 'ಬಾಡಿ'. ದೂರಕ್ಕೆ ಹೊಸ ಲೆನ್ಸು ಬೇಕು. ಎರಡೂ ಒಟ್ಟಿಗೆ ಕೊಳ್ಳುವ ಶಕ್ತಿ ನಮಗಿಲ್ಲ. ಮೊದಲು ಯಾವುದು? ಬಾಡಿಯೋ ಲೆನ್ಸೋ? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮವರು ಒಂಬತ್ತು ವರ್ಷ ಕಳೆದಿದ್ದಾರೆ. ಇಷ್ಟು ಹೊತ್ತಿನಲ್ಲಿ ಬೇಲೂರಿನ ಶಿಲ್ಪಿಗಳು ಅರ್ಧ ದೇವಸ್ಥಾನ ಕಟ್ಟಿ ಮುಗಿಸಿರಬೇಕು.

ತಮಾಷೆ ಏನೆಂದರೆ, ತೀರ್ಮಾನ ಹೇಳುವುದೇ ಇವರ ಉದ್ಯೋಗ. ಅರಸೀಕೆರೆಯ ಮಂಡಿಯೊಂದರಲ್ಲಿ ಕೊಬ್ಬರಿ ನೋಡುವ ಕೆಲಸ. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಗಿಟುಕು ಚಿಪ್ಪು ಬಿಟ್ಟಿದೆಯೋ, ಕೆಟ್ಟಿದೆಯೋ, ಇನ್ನೂ ಎರಡು ತಿಂಗಳು ಬೇಕೋ, ಎಲ್ಲವನ್ನೂ ಹೇಳಿಬಿಡುತ್ತಾರೆ. ಗುಡ್ಡೆಗೆ ಒಂದು ನಿಮಿಷ. ಅವರ ಮಾತಿಗೆ ಎದುರಾಡುವ ರೈತ ಸುತ್ತಮುತ್ತ ಹತ್ತು ಹಳ್ಳಿಯಲ್ಲಿಲ್ಲ. ಅಂಥ ಮನುಷ್ಯ ಬೇಲೂರಿನ ಸ್ಟುಡಿಯೋದಲ್ಲಿ ಕುಳಿತರೆ ಮದುವೆಗೆ ಒಪ್ಪದ ಹುಡುಗನ ಹಾಗೆ ಉಗುರು ಕಚ್ಚುತ್ತಾರೆ.

ಆ ಸ್ಟುಡಿಯೋದವರು ಪುಣ್ಯಾತ್ಮರು. ಮದುವೆ ಫೋಟೋ ತೆಗೆಯುವವರಾದ್ದರಿಂದ ಅವರ ಬೀರುವಿನಲ್ಲಿ ನಾಲ್ಕಾರು ಬಾಡಿ, ಏಳೆಂಟು ಲೆನ್ಸು ಯಾವಾಗಲೂ ಇರುತ್ತವೆ. "ಒಂದು ಭಾನುವಾರ ಇಟ್ಕಂಡು ನೋಡಿ ಸಾರ್, ಇಷ್ಟ ಆದ್ರೆ ಇದನ್ನೇ ಕೊಟ್ಬಿಡ್ತೀನಿ" ಎಂದು ಕೈಗೆ ಕೊಡುತ್ತಾರೆ. ಮೊದಲ ಸಲ ಕೊಟ್ಟಾಗ ನಮ್ಮವರು ಮಾಡಿದ್ದೇನು ಗೊತ್ತೇ? ಲೆನ್ಸನ್ನು ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದರು!

"ಅಯ್ಯಯ್ಯೋ, ಕೊಬ್ಬರಿ ಅಲ್ಲ ಸಾರ್ ಅದು!" ಎಂದು ಆತ ಕುರ್ಚಿಯಿಂದ ಎದ್ದೇಬಿಟ್ಟರು.

"ಒಳಗೆ ಏನೋ ಬಿಟ್ಟಂಗೈತೆ" ಎಂದರು ಇವರು, ಬಲು ಗಂಭೀರವಾಗಿ.

ನಾನು ಹೊರಗೆ ಹೋಗಿ ರಸ್ತೆಯಲ್ಲಿ ಹೋಗುವ ಆಟೋಗಳನ್ನು ಎಣಿಸುತ್ತಾ ನಿಂತೆ.

ಇವರ ಈ ಸಮಸ್ಯೆ ನಮ್ಮ ಊರಿನಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಕ್ಷೌರ ಮಾಡುವವರನ್ನು ಕೇಳಿದ್ದಾರೆ. ಹಲ್ಲು ಕೀಳಿಸಿಕೊಳ್ಳಲು ಹೋದಾಗ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಡಾಕ್ಟರನ್ನು ಕೇಳಿದ್ದಾರೆ. ಒಮ್ಮೆ ಅಡುಗೆ ಮನೆಗೆ ಬಂದು, "ನೋಡೇ, ಬಾಡಿ ಅಂದ್ರೆ ಒಲೆ, ಲೆನ್ಸ್ ಅಂದ್ರೆ ಪಾತ್ರೆ ಅನ್ಕೋ. ಮೊದಲು ಯಾವ್ದು ಬದಲಾಯಿಸ್ತೀಯ?" ಎಂದರು. "ಉಣ್ಣೋರನ್ನ" ಎಂದೆ. ಎರಡು ದಿನ ಮಾತು ಬಿಟ್ಟಿದ್ದರು.

ನನ್ನ ಅಕ್ಕನ ಮಗಳ ಮದುವೆಯ ಕಥೆಯನ್ನಂತೂ ಹೇಳಲೇಬೇಕು. ಆ ವಾರ ಇವರ ಕೈಯಲ್ಲಿ ಎರಡು ಎರವಲು ಲೆನ್ಸುಗಳಿದ್ದವು. ಒಂದರಲ್ಲಿ ತೆಗೆದು, ಕಳಚಿ, ಇನ್ನೊಂದು ಹಾಕಿ, ಅದೇ ದೃಶ್ಯವನ್ನು ಮತ್ತೆ ತೆಗೆಯುವುದು ಇವರ ಕ್ರಮ. ಗಟ್ಟಿಮೇಳ ಶುರುವಾಯಿತು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಇವರು ಲೆನ್ಸು ಕಳಚಿ ಹೆಗಲ ಚೀಲದಲ್ಲಿ ಇನ್ನೊಂದನ್ನು ಹುಡುಕುತ್ತಿದ್ದರು. ತಲೆ ಎತ್ತಿದಾಗ ಮೂರು ಗಂಟೂ ಬಿದ್ದಿತ್ತು, ಅಕ್ಷತೆಯೂ ಬಿದ್ದಿತ್ತು. ನಮ್ಮವರು ನೇರವಾಗಿ ಮಂಟಪ ಹತ್ತಿ ಮದುಮಗನ ಭುಜ ಮುಟ್ಟಿ, "ಒಂದೇ ನಿಮಿಷ ಬಿಚ್ಚಿ ಇನ್ನೊಂದ್ಸಲ ಕಟ್ತೀಯೇನಪ್ಪಾ?" ಎಂದು ಕೇಳಿದರು! ವಾಲಗದವರು ಊದುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದ್ದು ಆವತ್ತೇ. ನನ್ನ ಅಕ್ಕ ಇವತ್ತಿಗೂ ಇವರಿಗೆ ಕಾಫಿ ಕೊಡುವಾಗ ಲೋಟವನ್ನು ಸ್ವಲ್ಪ ಜೋರಾಗಿಯೇ ಇಡುತ್ತಾಳೆ.

ಇಷ್ಟೆಲ್ಲ ನಗುತ್ತೀನಲ್ಲ, ನನಗೇನೂ ಆಸೆಯಿಲ್ಲ ಅಂದುಕೊಳ್ಳಬೇಡಿ. ನಮ್ಮ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಆಗ ರೀಲಿನ ಕಾಲ. ಫೋಟೋ ತೆಗೆದವನು ಅದೇನು ಮಾಡಿದನೋ, ರೀಲಿಗೆ ಬೆಳಕು ಬಿದ್ದು ಎಲ್ಲಾ ಸುಟ್ಟುಹೋಯಿತು. ಉಳಿದದ್ದು ಒಂದೇ ಫೋಟೋ. ಅದರಲ್ಲಿ ನಾನು ತಲೆ ತಗ್ಗಿಸಿದ್ದೇನೆ. ಮುಖ ಇರಬೇಕಾದ ಜಾಗದಲ್ಲಿ ಬಾಸಿಂಗ ಇದೆ. ನಾನು ಅತ್ತಿದ್ದು ನೋಡಿ ಇವರು, "ಅಳಬೇಡ ಕಣೇ. ನಿನ್ನ ಫೋಟೋ ನಾನೇ ತೆಗೀತೀನಿ. ಜನ ನಿಂತ್ಕಂಡು ನೋಡ್ಬೇಕು, ಅಂಥದ್ದು" ಎಂದಿದ್ದರು. ಹಳೇ ಕ್ಯಾಮರಾ ಬಂದಿದ್ದೂ ಆ ಮಾತಿನಿಂದಲೇ. ಬಂದ ಮೇಲೆ ಕೇಳಿದರೆ, "ಇದ್ರಲ್ಲಿ ಬೇಡ. ನಿನ್ನ ಫೋಟೋ ಅಂದ್ರೆ ಹೆಂಗೆಂಗೋ ತೆಗೆಯಾಕಾಯ್ತದಾ? ಒಳ್ಳೇದು ಬರ್ಲಿ ಇರು" ಎಂದರು. ಒಳ್ಳೆಯದು ಬರುವಷ್ಟರಲ್ಲಿ ಕಿವಿಯ ಪಕ್ಕ ಬೆಳ್ಳಗಾಯಿತು, ಮೂಗಿನ ಮೇಲೆ ಕನ್ನಡಕ ಬಂತು, ಕೆನ್ನೆ ಇಳಿಯಿತು. ಆಸೆ ಮಾತ್ರ ಇಳಿಯಲಿಲ್ಲ. ಇಪ್ಪತ್ತಾರರ ನನ್ನ ಮುಖ ಹೇಗಿತ್ತು ಅನ್ನುವುದು ನನಗೇ ಮರೆತುಹೋಗಿದೆ.

ಹಾಗಾದರೆ ಇವರು ನನ್ನ ಮೇಲೆ ಕ್ಯಾಮರಾ ತಿರುಗಿಸಿಯೇ ಇಲ್ಲವೇ? ತಿರುಗಿಸಿದ್ದಾರೆ, ಅದೇ ಹೊಟ್ಟೆ ಉರಿಯುವ ವಿಷಯ! ಎರವಲು ತಂದ ಪ್ರತಿಯೊಂದು ಲೆನ್ಸಿಗೂ ಪರೀಕ್ಷೆಯಾಗಬೇಕು. ಪರೀಕ್ಷೆ ನಡೆಯುವುದು ಹಳೇಬೀಡಿನ ಕೆರೆಯ ಹತ್ತಿರ, ಒಂದೇ ಕಲ್ಲಿನ ಮೇಲೆ, ಒಂದೇ ಹೊತ್ತಿನಲ್ಲಿ. ಪ್ರಶ್ನೆಪತ್ರಿಕೆ ನಮ್ಮ ಮನೆಯ ಗೋಡೆ ಕ್ಯಾಲೆಂಡರು. ಅದನ್ನು ನಾನು ಎದೆಮಟ್ಟಕ್ಕೆ ಎರಡೂ ಕೈ ಮುಂದಕ್ಕೆ ಚಾಚಿ ಹಿಡಿದುಕೊಂಡು ಕೂರಬೇಕು. ಪ್ರತಿ ತಾರೀಕಿನ ಕೆಳಗೆ ಇರುವೆ ಸಾಲಿನ ಹಾಗೆ ರಾಹುಕಾಲ, ನಕ್ಷತ್ರ ಎಲ್ಲಾ ಅಚ್ಚು ಹಾಕಿರುತ್ತಾರಲ್ಲ? ಫೋಟೋ ದೊಡ್ಡದು ಮಾಡಿದಾಗ ಆ ರಾಹುಕಾಲ ಓದಲು ಬಂದರೆ ಲೆನ್ಸು ಪಾಸು. ಬರದಿದ್ದರೆ ಫೇಲು.

"ರೀ, ಕೈ ನೋಯ್ತಿದೆ."

"ಅಲ್ಲಾಡ್ಬೇಡ. ಇನ್ನೊಂಚೂರು ಮುಂದಕ್ಕೆ ಚಾಚು. ನಿನ್ನ ತಲೆ ನೆರಳು ಏಕಾದಶಿ ಮೇಲೆ ಬೀಳ್ತಾ ಐತೆ."

ಬಸ್ಸಿನಲ್ಲಿ ಬಂದ ಪ್ರವಾಸಿಗರು ನನ್ನನ್ನು ಏನೆಂದು ತಿಳಿಯಬೇಕು? ಒಮ್ಮೆ ಕಾಲೇಜಿನ ಹುಡುಗಿಯೊಬ್ಬಳು ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತು ಅಂಗೈ ಚಾಚಿದಳು. ನಾನು ಜ್ಯೋತಿಷ್ಯ ಹೇಳುವವಳಂತೆ! ಸುಮ್ಮನೆ ಕಳಿಸುವುದೇಕೆಂದು ಕೈ ನೋಡಿ, "ಎಲ್ಲಾ ಒಳ್ಳೇದಾಗುತ್ತೆ ತಾಯಿ. ಕ್ಯಾಮರಾ ಇಟ್ಕೊಂಡಿರೋ ಗಂಡು ಬಂದ್ರೆ ಮಾತ್ರ ಒಪ್ಕೋಬೇಡ" ಎಂದು ಹೇಳಿ ಕಳಿಸಿದೆ.

ಒಂಬತ್ತು ವರ್ಷದಲ್ಲಿ ಒಂದು ಲೆನ್ಸೂ ಪಾಸಾಗಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕುಳಿತು ಕ್ಯಾಮರಾದ ಪುಟ್ಟ ಪರದೆಯಲ್ಲಿ ಗುಂಡಿ ಒತ್ತಿ ಒತ್ತಿ ಕ್ಯಾಲೆಂಡರಿನ ಮೂಲೆಗೆ ಹೋಗುತ್ತಾರೆ. ಮುಖ ಸಣ್ಣಗಾಗುತ್ತದೆ. "ಮಂಜು" ಎನ್ನುತ್ತಾರೆ. ಮುಂದಿನ ಸಲ ಬೇರೆ ಬಾಡಿ ತರುತ್ತಾರೆ, ಮತ್ತೆ ಮಂಜು. ನನಗೆ ಒಂದು ದಿನವೂ ತೋರಿಸಿದವರಲ್ಲ. ನಾನೂ ಕೇಳಲಿಲ್ಲ. ನನ್ನನ್ನು ಗೋಡೆಯ ಮೊಳೆ ಮಾಡಿ ಕ್ಯಾಲೆಂಡರು ನೇತುಹಾಕಿದ ಫೋಟೋ ನೋಡಿ ನಾನೇನು ಮಾಡಲಿ?

ಬೇಲೂರಿನಲ್ಲಿ ಮಾತ್ರ ನನ್ನ ತಮಾಷೆ ನಿಂತುಹೋಗುತ್ತದೆ. ಆ ಮೂಲೆಯ ಕೆಳಗೆ ಇವರು ಕ್ಯಾಮರಾವನ್ನು ಎದೆಯ ಮೇಲೆ ಬಿಟ್ಟು, ಕತ್ತೆತ್ತಿ, ಬರಿಗಣ್ಣಿನಲ್ಲಿ ನೋಡುತ್ತಾ ನಿಲ್ಲುತ್ತಾರೆ. ಕಣ್ಣು ಮಿಟುಕಿಸುವುದಿಲ್ಲ. ಮಂಡಿಯ ಧೂಳು, ಸಂಸಾರ, ಸೊಸೈಟಿ ಸಕ್ಕರೆ, ಯಾವುದೂ ಆ ಮುಖದಲ್ಲಿ ಇರುವುದಿಲ್ಲ. "ಅವಳ ಮುಖ ಕೆತ್ತಿದೋನು ಒಬ್ಬ ನೋಡಿದಾನೆ ಕಣೇ. ಆಮೇಲೆ ಯಾರೂ ಸರಿಯಾಗಿ ನೋಡಿಲ್ಲ. ಪಾಪ ಅನ್ಸುತ್ತೆ" ಎಂದರು ಒಮ್ಮೆ. ನನಗೂ ಪಾಪ ಅನ್ನಿಸಿತು. ಜೊತೆಗೆ ಹೊಟ್ಟೆಕಿಚ್ಚೂ ಆಯಿತು, ಯಾಕೆ ಸುಳ್ಳು ಹೇಳಲಿ? ಒಂದು ಸಲ, ಒಂದೇ ಸಲ, ನನ್ನನ್ನು ಹಾಗೆ ನೋಡಿದ್ದರೆ ಸಾಕಿತ್ತು, ಫೋಟೋ ಕೂಡ ಬೇಡ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಕಲ್ಲಾಗಿ ಹುಟ್ಟಬೇಕಿತ್ತು ನಾನು.

ಈ ಸಂಕ್ರಾಂತಿ ಕಳೆದ ಮೇಲೆ ಪವಾಡ ನಡೆಯಿತು. "ತೀರ್ಮಾನ ಆಯ್ತು ಕಣೇ. ಬಾಡಿ!" ಎಂದರು ಬೆಳಗ್ಗೆ ಹಲ್ಲುಜ್ಜುತ್ತಾ. ಹಳೆಯ ಕ್ಯಾಮರಾವನ್ನು ಸ್ಟುಡಿಯೋದವರಿಗೇ ಕೊಟ್ಟು ಹೊಸದನ್ನು ತರುವುದೆಂದಾಯಿತು. ಮನಸ್ಸು ಬದಲಾಗುವ ಮೊದಲು ಬೇಲೂರು ಸೇರಿಸಬೇಕೆಂದು ನಾನು ಶಾಲೆಗೆ ರಜೆ ಹಾಕಿ ಮೊದಲ ಬಸ್ಸಿಗೇ ಹತ್ತಿಸಿದೆ.

"ಹಳೇ ಕಾರ್ಡಲ್ಲಿ ಇರೋದನ್ನೆಲ್ಲ ಕಾಪಿ ಮಾಡ್ಕೊಡ್ತೀನಿ ಸಾರ್, ಆಮೇಲೆ ಕ್ಯಾಮರಾ ಬಿಟ್ಟೋಗಿ" ಎಂದು ಸ್ಟುಡಿಯೋದವರು ಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕಿದರು. ಗೋಡೆಯಗಲದ ಪರದೆ. ಅದರ ಮೇಲೆ ಒಂದೊಂದಾಗಿ ಬರತೊಡಗಿತು ನೋಡಿ, ಹಳೇಬೀಡು, ಕೆರೆ, ಕಲ್ಲು, ಕ್ಯಾಲೆಂಡರು, ನಾನು. ಒಂದನ್ನೂ ಅಳಿಸಿರಲಿಲ್ಲ ಮನುಷ್ಯ! ಸ್ಟುಡಿಯೋದವರು ಹತ್ತಾರು ಫೋಟೋ ನೋಡಿದರು. ಒಂದನ್ನು ದೊಡ್ಡದು ಮಾಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಾರ್, ಒಂಬತ್ತು ವರ್ಷದಿಂದ ನನ್ನ ಲೆನ್ಸ್‌ಗೆಲ್ಲ ಮಂಜು ಅಂತ ಹೆಸರಿಟ್ರಲ್ಲ, ಇದೇನಾ ನಿಮ್ಮ ಟೆಸ್ಟು?"

"ಹೂಂ. ಅಕ್ಷರ ನೋಡಿ. ಒಂದಾದ್ರೂ ಓದಾಕಾಯ್ತದಾ?"

"ಅಕ್ಷರ ಹೆಂಗೆ ಬರುತ್ತೆ ಸಾರ್? ಕ್ಯಾಲೆಂಡರ್ ಮುಂದೈತೆ, ಅಕ್ಕ ಹಿಂದವ್ರೆ. ನೀವು ಫೋಕಸ್ ಇಟ್ಟಿರೋದು ಅಕ್ಕನ ಮುಖಕ್ಕೆ. ಒಂದ್ರಲ್ಲಲ್ಲ, ಎಲ್ಲಾದ್ರಲ್ಲೂ!"

ನಾನು ನೋಡಿದೆ. ಕ್ಯಾಲೆಂಡರು ಬರೀ ಬಿಳಿಯ ಮಸುಕು. ಅದರ ಹಿಂದೆ ನನ್ನ ಮುಖ. ರೆಪ್ಪೆ ರೆಪ್ಪೆ ಕಾಣುತ್ತಿತ್ತು. ಕಿವಿಯ ಪಕ್ಕದ ಮೊದಲ ಬಿಳಿಕೂದಲು ಇತ್ತು. ಕೈ ನೋಯುತ್ತಿದೆ ಎಂದು ತುಟಿ ಕಚ್ಚಿದ್ದು ಇತ್ತು. ಅಂಗೈ ಚಾಚಿದ ಹುಡುಗಿಯನ್ನು ಕಳಿಸಿದ ಮೇಲಿನ ಕಳ್ಳನಗು ಇತ್ತು. ನನ್ನ ಅಮ್ಮ ತೀರಿಕೊಂಡ ವರ್ಷದ್ದೂ ಇತ್ತು. ಆ ಸಲ ಬರುವುದಿಲ್ಲ ಎಂದವಳನ್ನು ಬಲವಂತ ಮಾಡಿ ಕರೆತಂದಿದ್ದರು, ನಾನು ದಾರಿಯುದ್ದಕ್ಕೂ ಬೈದಿದ್ದೆ. ಫೋಟೋದಲ್ಲಿ ಕಣ್ಣಿನ ಅಂಚಿನಲ್ಲಿ ನೀರು ನಿಂತಿದೆ, ಅದೂ ಸ್ಪಷ್ಟವಾಗಿ ಕಾಣುತ್ತದೆ. ಒಂಬತ್ತು ವರ್ಷ ನನ್ನನ್ನು ಯಾರೂ ನೋಡಲಿಲ್ಲ ಎಂದು ನಾನು ಕೊರಗುತ್ತಿದ್ದ ಅಷ್ಟೂ ದಿನಗಳು ಆ ಪರದೆಯ ಮೇಲಿದ್ದವು.

ನಮ್ಮವರ ಕಿವಿ ಕೆಂಪಾಗಿತ್ತು. "ನಾನು ಅಕ್ಷರಕ್ಕೇ ಇಡ್ತಿದ್ದೆ ಕಣೇ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಕಣ್ಣು ಅಲ್ಲಿಗೇ ಹೋಗೋದೇನೋ" ಎಂದರು. ಏನು ಮಾಡಬೇಕೆಂದು ತೋಚದೆ, ಮೇಜಿನ ಮೇಲಿದ್ದ ಲೆನ್ಸೊಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಈ ಸಲ ಸ್ಟುಡಿಯೋದವರು ಕುರ್ಚಿಯಿಂದ ಏಳಲಿಲ್ಲ.

ಬಾಡಿ ಬಂತೇ ಎಂದು ಕೇಳುತ್ತೀರಾ? ಎಲ್ಲಿಂದ ಬರಬೇಕು! ಲೆನ್ಸುಗಳೆಲ್ಲ ಚೆನ್ನಾಗಿಯೇ ಇವೆ ಎಂದು ಗೊತ್ತಾದ ಮೇಲೆ ಲೆಕ್ಕವೆಲ್ಲ ಮೊದಲಿನಿಂದ ಹಾಕಬೇಕಂತೆ. ಹಳೇ ಕ್ಯಾಮರಾವನ್ನೇ ಕೊರಳಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಹಳೇಬೀಡು ಬಂದಾಗ, ನಾನು ಕೇಳದೆಯೇ, "ಇಳಿ" ಎಂದರು.

ಅದೇ ಕಲ್ಲಿನ ಮೇಲೆ ಕುಳಿತೆ. ಅಭ್ಯಾಸಬಲದಿಂದ ಎರಡೂ ಕೈ ಮುಂದಕ್ಕೆ ಚಾಚಿದೆ. ಕೈಯಲ್ಲಿ ಏನೂ ಇರಲಿಲ್ಲ. ನಕ್ಕು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಸೆರಗು ಸರಿಮಾಡಿಕೊಂಡು, ಕನ್ನಡಕ ತೆಗೆದು, ಇಪ್ಪತ್ತನಾಲ್ಕು ವರ್ಷ ಕಾದ ಫೋಟೋಗೆ ಸಿದ್ಧಳಾದೆ. ಕ್ಲಿಕ್ ಎನ್ನುವ ಸದ್ದು ಬರಲೇ ಇಲ್ಲ. ಏನಾಯಿತೆಂದು ಮತ್ತೆ ಕನ್ನಡಕ ಹಾಕಿಕೊಂಡು ನೋಡಿದರೆ ಕ್ಯಾಮರಾ ಅವರ ಎದೆಯ ಮೇಲೆ ಸುಮ್ಮನೆ ನೇತಾಡುತ್ತಿತ್ತು. ಅವರು ಬರಿಗಣ್ಣಿನಲ್ಲಿ ನೋಡುತ್ತಾ ನಿಂತಿದ್ದರು, ಬೇಲೂರಿನ ಆ ಮೂಲೆಯ ಕೆಳಗೆ ನಿಲ್ಲುತ್ತಾರಲ್ಲ, ಹಾಗೆ.

ರಸ್ತೆಯಲ್ಲಿ ಅರಸೀಕೆರೆ ಬಸ್ಸಿನ ಹಾರನ್ನು ಕೇಳಿಸಿತು.

"ರೀ, ಬೇಗ ತೆಗೀರಿ. ಬಸ್ಸು ಹೊರಟುಹೋಗುತ್ತೆ" ಎಂದೆ.

"ಹೋಗ್ಲಿ ಬಿಡು" ಎಂದರು. "ಇನ್ನೊಂದು ಐತೆ."