ತೆರೆಯದ ಎಡಬಾಗಿಲಿನ ಬಗ್ಗೆ ಸೊಣ್ಣಪ್ಪನವರಿಗೆ

ಬಸವನಗುಡಿ, ಮಾರ್ಚ್ ೧೯೮೧

ಕಬ್ಬಿಣಕ್ಕೆ ಕಬ್ಬಿಣವನ್ನು ಕೂಡಿಸುವುದರಲ್ಲಿ ಚಾಮರಾಜಪೇಟೆಗೇ ಮೊದಲಿಗರೂ, ನೂರಾರು ಗೇಟು ಗ್ರಿಲ್ಲುಗಳ ಕರ್ತೃಗಳೂ ಆದ ಮಾನ್ಯ ಸೊಣ್ಣಪ್ಪನವರೇ,

ತಮಗೂ ತಮ್ಮ ವೆಲ್ಡಿಂಗ್ ಮಿಷನ್ನಿಗೂ ನಮಸ್ಕಾರಗಳು. ತಾವು ನನ್ನ ಕಾರಿಗೆ ಮಾಡಿಕೊಟ್ಟ ಕೆಲಸದ ಹಿರಿಮೆ ನಾನೊಬ್ಬನೇ ಅನುಭವಿಸಿ ಮುಗಿಯುವಂಥದ್ದಲ್ಲವಾದ್ದರಿಂದ ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನನ್ನದು ಇಬ್ಬರು ಕೂರುವ, ಮೇಲೆ ಸೂರಿಲ್ಲದ, ಮೂವತ್ತು ವರ್ಷ ಹಳೆಯ ವಿಲಾಯಿತಿ ಕಾರು. ಸೂರಿಲ್ಲದ ಕಾರಿನ ಕಷ್ಟವನ್ನು ಬುಟ್ಟಿ ಹೆಣೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಚಿನ ಕಟ್ಟು ಬಿಚ್ಚಿದ ಬುಟ್ಟಿ ಎತ್ತಿದ ಕಡೆಗೆ ವಾಲುತ್ತದೆ. ನನ್ನ ಕಾರೂ ತಿರುವು ಬಂದಲ್ಲೆಲ್ಲ ಮೈ ಮುರಿಯುತ್ತಿತ್ತು. ಕಳೆದ ವರ್ಷ ರಾಮಕೃಷ್ಣ ಆಶ್ರಮದ ಬಳಿ ಹಾಗೆ ಮುರಿದಾಗ ಎಡಬಾಗಿಲು ತೆರೆದುಕೊಂಡು, ನನ್ನ ಧರ್ಮಪತ್ನಿ ಜಾನಕಮ್ಮನವರ ಮಡಿಲಲ್ಲಿದ್ದ ಸೌತೆಕಾಯಿಗಳೆಲ್ಲ ರಸ್ತೆಗಿಳಿದವು. ಕಾರು ನಿಂತ ಮೇಲೆ ಅವರೂ ಇಳಿದರು. "ಇವತ್ತು ಸೌತೆಕಾಯಿ, ನಾಳೆ ನಾನು. ನೀವು ಬನ್ನಿ ನಿಧಾನಕ್ಕೆ" ಎಂದು ನಡೆದೇ ಮನೆ ಸೇರಿದವರು ಹನ್ನೊಂದು ತಿಂಗಳು ಕಾರು ಹತ್ತಲಿಲ್ಲ. ಪಕ್ಕದ ಸೀಟು ಖಾಲಿಯಾದ ಮೇಲೆ ಎರಡು ಸೀಟಿನ ಕಾರಿಗೂ ಸೈಕಲ್ಲಿಗೂ ಏನು ವ್ಯತ್ಯಾಸ ಹೇಳಿ. ಕೊನೆಗೊಮ್ಮೆ ಮನಸ್ಸು ಕರಗಿ, "ಆ ಬಾಗ್ಲು ತೆರ್ಕೊಳಲ್ಲ ಅಂತಾದ್ರೆ ಬರ್ತೀನಿ" ಎಂದರು. ನಾನು ಓಡಿ ಬಂದು ಆ ಮಾತನ್ನು ಹಾಗೆಯೇ ತಮಗೆ ಒಪ್ಪಿಸಿದೆ: ಮೈ ಬಿಗಿ ಮಾಡಿ, ಬಾಗಿಲು ತೆರೆದುಕೊಳ್ಳಬಾರದು. 'ತಾನಾಗಿ' ಎಂಬ ಮೂರಕ್ಷರವನ್ನು ಸೇರಿಸಲು ಮರೆತದ್ದು ನನ್ನದೇ ತಪ್ಪು.

ತಾವಾದರೋ ಏನನ್ನೂ ಮರೆಯಲಿಲ್ಲ. ಕಾರಿನ ಮುಂತುದಿ ಹಿಂತುದಿಗಳ ಕೆಳಗೆ ಕಲ್ಲು ಕೊಟ್ಟು ಎತ್ತಿ ನಿಲ್ಲಿಸಿ, ಬಾಗಿಲು ಹಾಕಿ, "ಜನ ಕೂತಾಗ ಎಂಗಿರ್ತದೋ ಅಂಗೇ ಬೆಸುಗೆ ಹಾಕ್ಬೇಕು ಸಾಮಿ" ಎಂದು ತರಗುಪೇಟೆಯಿಂದ ಹುರುಳಿ ತರಿಸಿದಿರಿ. ನನ್ನ ಸೀಟಿಗೆ ಅರ್ಧ ಮೂಟೆ, ಜಾನಕಮ್ಮನವರ ಸೀಟಿಗೆ ಮುಕ್ಕಾಲು ಮೂಟೆ. ಈ ಮುಕ್ಕಾಲನ್ನು ತಾವು ಯಾವ ತಕ್ಕಡಿಯಲ್ಲಿ ತೂಗಿದಿರೆಂದು ಆಕೆ ದಿನಕ್ಕೆರಡು ಬಾರಿ ನನ್ನನ್ನು ವಿಚಾರಿಸುತ್ತಿದ್ದಾರೆ. ಹುರುಳಿಯ ಭಾರಕ್ಕೆ ಕಾರಿನ ನಡು ತಗ್ಗಿ, ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಂಡವು. ಕಚ್ಚಿಕೊಂಡ ಆ ಶುಭ ಗಳಿಗೆಯಲ್ಲೇ ತಾವು ಕಾರಿನ ತಳಕ್ಕೆ ಎರಡು ಉದ್ದನೆಯ ಕಬ್ಬಿಣದ ತೊಲೆಗಳನ್ನು ಬೆಸೆದಿರಿ. ಮೂಟೆಗಳನ್ನು ಹಮಾಲಿಗಳು ಮೇಲಿನಿಂದ ಎತ್ತಿಕೊಂಡು ಹೋದರು. ನಡು ಮಾತ್ರ ಮೇಲೇಳಲಿಲ್ಲ. ಬಾಗಿಲು ಅಂದಿನಿಂದ ತೆರೆದಿಲ್ಲ.

ಬಿಗಿಯ ವಿಷಯದಲ್ಲಿ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ಮೊದಲು ಹಳ್ಳ ಬಂದರೆ ಕಾರು ನರಳುತ್ತಿತ್ತು; ಈಗ ಒಂದು ಚಕ್ರ ಹಳ್ಳಕ್ಕಿಳಿದರೆ ಎದುರು ಮೂಲೆಯ ಚಕ್ರ ಮರ್ಯಾದೆಗಾಗಿ ಎದ್ದು ನಿಲ್ಲುತ್ತದೆ. ನಾನು ಪಂಚೆ ಎತ್ತಿ ಕಟ್ಟಿ, ಬಾಗಿಲ ಮೇಲಿಂದ ಕಾಲು ಹಾಕಿ, ಬೇಲಿ ಹಾರುವ ಹೋತದಂತೆ ಒಳಗಿಳಿಯುವುದನ್ನು ಕಲಿತಿದ್ದೇನೆ. ಜಾನಕಮ್ಮನವರಿಗೆ ಇದು ಒಪ್ಪಿಗೆಯಾಗಲಿಲ್ಲ. "ಹೊಸ್ಲು ದಾಟಿ, ಬಲಗಾಲಿಟ್ಟು ಬಂದೋಳು ನಾನು. ಗೋಡೆ ಹಾರಿ ಬಂದೋಳಲ್ಲ" ಎಂದುಬಿಟ್ಟರು. ಹುರುಳಿ ಹೋದ ದಾರಿಯಲ್ಲೇ ಅವರು ಬರಬಹುದಲ್ಲವೇ, ಹಮಾಲಿಗಳು ಹೇಗೂ ಪರಿಚಯದವರು ಎಂದು ನಾನು ಸೂಚಿಸಿದ ದಿನ ನಮ್ಮ ಮನೆಯಲ್ಲಿ ಅಡಿಗೆಯಾಗಲಿಲ್ಲ.

ಹೋದ ಭಾನುವಾರ ಮಲ್ಲೇಶ್ವರದಲ್ಲಿ ಅವರ ತಂಗಿ ಗೋದಾಳ ಮನೆಯಲ್ಲಿ ಊಟ. ಜಾನಕಮ್ಮನವರು ಗಾಂಧಿಬಜಾರಿನಲ್ಲಿ ಬಸ್ಸು ಹತ್ತಿದರು. ನಾನು ಕಾರಿನಲ್ಲಿ ಬಸ್ಸಿನ ಹಿಂದೆ ಹೊರಟೆ. ಬಸ್ಸು ನಿಂತಲ್ಲೆಲ್ಲ ನಾನೂ ನಿಂತೆ. ಮೆಜೆಸ್ಟಿಕ್ಕಿನಲ್ಲಿ ಅವರು ಬಸ್ಸು ಬದಲಾಯಿಸುವಾಗ ನಾನು ಹಾರನ್ ಮಾಡಿದೆ. ಒಮ್ಮೆ ತಿರುಗಿ ನೋಡಿದರು, ಸೆರಗು ಸರಿಮಾಡಿಕೊಂಡು ಮುಂದಿನ ಬಸ್ಸು ಹತ್ತಿದರು. ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ನಾನು ಅವರ ಹಿಂದೆ ಅಷ್ಟು ದೂರ ಹೋದದ್ದು ಅದೇ ಮೊದಲು.

ಆದ್ದರಿಂದ ತಾವು ದಯಮಾಡಿ ಆ ತೊಲೆಗಳನ್ನು ಕತ್ತರಿಸಿ, ನಡುವನ್ನು ಮೇಲೆತ್ತಿ, ಬಾಗಿಲು ತೆರೆದು ಮುಚ್ಚುವುದನ್ನು ನೋಡಿಕೊಂಡು, ಹುರುಳಿಯ ನೆರವಿಲ್ಲದೆ ಮತ್ತೆ ಬೆಸೆಯಬೇಕು. ಅದು ಆಗದಿದ್ದರೆ ಜಾನಕಮ್ಮನವರಿಗೆ ಗೋಡೆ ಹಾರುವುದೂ ಗೃಹಿಣಿಯ ಧರ್ಮವೇ ಎಂದು ತಾವೇ ಬಂದು ತಿಳಿಹೇಳಬೇಕು. ಬರುವಾಗ ಆ ಮುಕ್ಕಾಲು ಮೂಟೆಗೆ ಉತ್ತರವನ್ನೂ ತಯಾರು ಮಾಡಿಕೊಂಡು ಬನ್ನಿ.

ಪಕ್ಕದ ಸೀಟಿನ ಮೇಲಿನ ಆಸೆಯನ್ನು ಇನ್ನೂ ಬಿಡದ
ತಮ್ಮ ವಿಶ್ವಾಸಿ,
ಬದರೀನಾರಾಯಣ

ವಿ.ಸೂ.: ನಮ್ಮ ಹಿತ್ತಲ ಗೇಟನ್ನು ಮಾಡಿಕೊಟ್ಟವರೂ ತಾವೇ. ಚಿಲಕ ಹಾಕಿ ಬೀಗ ಜಡಿದರೂ ಬೀದಿಯ ಹಸು ಅದನ್ನು ಮೂತಿಯಿಂದ ತಳ್ಳಿ ಬಂದು ಹೂಗಿಡ ಮೇಯುತ್ತದೆ. ಕಾರಿನ ಬಾಗಿಲನ್ನು ಹಿತ್ತಲಿಗೂ ಹಿತ್ತಲ ಗೇಟನ್ನು ಕಾರಿಗೂ ಕೂಡಿಸಿಕೊಟ್ಟರೆ ಹಸು ಹೊರಗುಳಿಯುತ್ತದೆ, ಜಾನಕಮ್ಮನವರು ಒಳಗೆ ಬರುತ್ತಾರೆ.