ಮಾವನ ಕೈಗಡಿಯಾರ

ಕಾಸೀಮಸಾಬ ಮಾಡಿದ ಮೊದಲ ತಪ್ಪೆಂದರೆ ಗಡಿಯಾರವನ್ನು ಜೋಪಾನ ಮಾಡಿದ್ದು. ಹೆಂಡತಿಯ ತಮ್ಮ ಮಹಮ್ಮದಗೌಸ ದುಬೈಯಿಂದ ರಜೆಗೆ ಬಂದವನು ಅಪ್ಪನಿಗೊಂದು, ಅಕ್ಕನ ಗಂಡನಿಗೊಂದು ಸ್ವಿಸ್ ಗಡಿಯಾರ ಕೊಟ್ಟು ಮರಳಿ ಹೋಗಿದ್ದ. ಎರಡೂ ನೋಡಲು ಅವಳಿಜವಳಿ. ದಿನಾ ಕಟ್ಟಿದರೆ ಸವೆದೀತೆಂದು ಕಾಸೀಮಸಾಬ ತನ್ನದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ. ಮಾವನನ್ನು ನೋಡಲು ರಾಣೆಬೆನ್ನೂರಿಗೆ ಹೊರಟ ದಿನ ತೆಗೆದು ನೋಡಿದರೆ ಮುಳ್ಳು ಅಲ್ಲಾಡುತ್ತಿಲ್ಲ.

ಅದನ್ನು ನೆರೆಮನೆಯ ವಿರೂಪಾಕ್ಷಪ್ಪನಿಗೆ ತೋರಿಸಿದ್ದು ಎರಡನೆಯ ತಪ್ಪು. ವಿರೂಪಾಕ್ಷಪ್ಪ ಬ್ಯಾಡಗಿಯ ಮೆಣಸಿನಕಾಯಿ ದಲಾಲ. ಗುಂಟೂರು ಕಾಯಿಯನ್ನು ಬ್ಯಾಡಗಿ ಕಾಯಿಯೆಂದು ದಾಟಿಸಲು ಬಂದವರನ್ನು ಚೀಲ ಬಿಚ್ಚುವ ಮೊದಲೇ ಹಿಡಿಯುತ್ತಿದ್ದ. ಆ ಹೆಮ್ಮೆಯಲ್ಲಿ ಲೋಕದ ಸಕಲ ಸಾಮಾನನ್ನೂ ಮೆಣಸಿನಕಾಯಿಯಂತೆಯೇ ಪರೀಕ್ಷಿಸುತ್ತಿದ್ದ. ಗಡಿಯಾರವನ್ನು ಮೂಸಿದ, ಬೆರಳಿನಿಂದ ತಿಕ್ಕಿದ.

"ನಕಲಿ ಐತೋ ಕಾಸೀಮ. ಎಣ್ಣಿ ಹೊಡದ ಕಾಯಿನ ಹಿಂಗ ಮಿಂಚತಾವ."

"ಗೌಸ ಅಂಥಾಂವ ಅಲ್ಲರಿ."

"ನಿಮ್ಮ ಮಾವಂದು ಎಂದರ ನಿಂತೈತೇನು?"

"ಒಂದ ದಿನಾನೂ ನಿಂತಿಲ್ಲರಿ."

"ಮತ್ತ? ಅಪ್ಪಗ ಖರೇದು, ನಿನಗ ನಕಲಿ. ತಿಳೀಲಾರದ್ದು ಏನೈತಿ ಇದರಾಗ?"

ಕಾಸೀಮಸಾಬ ಗಡಿಯಾರವನ್ನು ಕಸಿದುಕೊಂಡು ಕೈಗೆ ಕಟ್ಟಿದ. ಗೌಸ ದುಬೈಯಲ್ಲಿದ್ದಷ್ಟು ಕಾಲ ಆ ಮುದುಕನನ್ನು ದವಾಖಾನೆಗೆ ಹೊತ್ತವನು ಯಾರು? ಅಳಿಯನಿಗೆ ಇಷ್ಟೇ ಬೆಲೆಯೇ?

ದಾರಿಯಲ್ಲಿ ಬಸ್ಸಿನ ಕುಲುಕಾಟಕ್ಕೆ ಗಡಿಯಾರ ತಾನಾಗಿ ನಡೆಯತೊಡಗಿತು. ಏಟು ಬಿದ್ದರೆ ಮಾತ್ರ ನಡೆಯುವ ಕಳ್ಳ ಎತ್ತು, ಖಂಡಿತ ನಕಲಿ ಎಂದು ಅವನಿಗೆ ಖಾತ್ರಿಯಾಯಿತು. ಕಂಡಕ್ಟರನನ್ನು ಕೇಳಿ ವೇಳೆ ಸರಿಮಾಡಿಕೊಂಡ.

ಮಧ್ಯಾಹ್ನ ಮಾವ ಯೂಸುಫಸಾಬರು ನಮಾಜಿಗೆ ಕೈಕಾಲು ತೊಳೆಯಲು ಎದ್ದರು. "ಸ್ವಲ್ಪ ಹಿಡೀರಿ" ಎಂದು ಗಡಿಯಾರ ಬಿಚ್ಚಿ ಅಳಿಯನ ಕೈಗೆ ಕೊಟ್ಟು ನಲ್ಲಿಯ ಕಡೆ ಹೋದರು. ಕಾಸೀಮಸಾಬ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ. ಮಾವನದರ ಸೆಕೆಂಡು ಮುಳ್ಳು ಟಕ್ ಟಕ್ ಎಂದು ಪೊಲೀಸರ ಕವಾಯತಿನಂತೆ ಹೆಜ್ಜೆ ಹಾಕುತ್ತಿತ್ತು. ತನ್ನದು ಕಳ್ಳನ ಹಾಗೆ ಸದ್ದಿಲ್ಲದೆ ಜಾರುತ್ತಿತ್ತು. ಇನ್ನೇನು ಬೇಕು? ಅದಲುಬದಲು ಮಾಡಿಬಿಟ್ಟ.

ಮುದುಕರು ಕೊಟ್ಟದ್ದನ್ನು ಕಟ್ಟಿಕೊಂಡು "ಬರ್ರಿ, ಮಸೀದಿಗೆ ಹೋಗೂಣು" ಎಂದರು. ಕದ್ದದ್ದನ್ನು ಕೈಯಲ್ಲಿಟ್ಟುಕೊಂಡು ದೇವರ ಮುಂದೆ ನಿಲ್ಲಲು ಕಾಸೀಮಸಾಬನಿಗೆ ಧೈರ್ಯ ಬರಲಿಲ್ಲ. ತಲೆನೋವೆಂದು ಚಾಪೆಯ ಮೇಲೆ ಮಲಗಿದ.

ಯೂಸುಫಸಾಬರು ಬರಿಗೈಯಲ್ಲಿ ತಿರುಗಿ ಬಂದರು.

"ಮಾವಾರ, ಗಡಿಯಾರ ಎಲ್ಲೈತ್ರಿ?"

"ಯಾಕೋ ಇವತ್ತ ಕೈಗೆ ಭಾಳ ವಜ್ಜಿ ಆತು. ನಮ್ಮ ಹಳೇ ದೋಸ್ತ ಬುಡನಸಾಬ ಗುತ್ತಲದಿಂದ ಮಸೀದಿಗೆ ಬಂದಿದ್ದ, ಅವನ ಹತ್ರ ಗಡಿಯಾರ ಇರಲಿಲ್ಲ. ಕೊಟ್ಟು ಬಸ್ ಹತ್ತಿಸಿದೆ."

"ಅಂಥಾ ಭಾರಿ ಸಾಮಾನ ಕೊಟ್ಟುಬಿಟ್ರೇನು?"

"ಎಲ್ಲೀ ಭಾರಿರಿ, ಅದು ನಕಲಿ. ಸೆಲ್ ಹಾಕಿದ್ದು. ಗೌಸ ಖರೇದು ಒಂದ, ನಕಲಿ ಒಂದ ತಂದಿದ್ದ. ಖರೇದು ಅಕ್ಕನ ಗಂಡಗ ಕೊಡು ಅಂತ ನಾನ ಹೇಳಿದೆ. ಹೌದು, ನಿಮಗ ಹೇಳೋದ ಮರತಿದ್ದೆ. ಖರೇದು ಕೈಮ್ಯಾಲ ಇದ್ದರಷ್ಟ ನಡೀತೈತಂತ, ತಗದಿಟ್ಟರ ನಿಲ್ಲತೈತಂತ."

ಕಾಸೀಮಸಾಬ ಚಾಪೆಯಿಂದ ಎದ್ದು ಕುಳಿತ. "ಗುತ್ತಲಕ್ಕ ಹೋಗಿ ಇಸಕೊಂಡು ಬರಲೇನ್ರಿ?"

"ಛೇ. ಕೊಟ್ಟದ್ದು ತಿರಗಿ ಕೇಳೋದು, ಅದೂ ನಕಲಿದು? ನಮ್ಮ ಮರ್ಯಾದಿ ಏನಾಗಬೇಕು?"

ಮುದುಕರು ಚಾಪೆಯ ಮೇಲೆ ಕುಳಿತು ಅಳಿಯನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಕಣ್ಣು ಮಂಜಾದದ್ದರಿಂದ ಗಡಿಯಾರದ ಗಾಜನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ಮಗಾ ದೂರ ಇದ್ದಾಗ ನೀವ ಮಗನಂಗ ನೋಡಿಕೊಂಡ್ರಿ. ಛಲೋದು ನಿಮ್ಮ ಕೈಯಾಗ ಇರಲಿ ಅಂತ ನನ್ನ ಆಶಾ ಇತ್ತು. ಇದನ್ನ ಎಂದೂ ಬಿಚ್ಚಬ್ಯಾಡ್ರಿ."

ಬಿಚ್ಚುವುದಿಲ್ಲವೆಂದು ಕಾಸೀಮಸಾಬ ಮಾತು ಕೊಟ್ಟ.