ಕಡಕ್ ರೊಟ್ಟಿ ಮೆತ್ತಗಾಗಲಿ ಎಂದ ಸಾಹೇಬರಿಗೆ

ಸಣ್ಣ ವ್ಯಾಪಾರಿಗಳ ಬೆಂಬಲ ಕೋಶದ ಮಾನ್ಯ ತಪಾಸಣಾಧಿಕಾರಿಗಳೇ,

ನೌಪಾಡಾ ಪೇಟೆಯ ಚಪ್ಪಲಿ ಅಂಗಡಿಯ ಮೆಟ್ಟಿಲ ಪಕ್ಕ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ ಮಾರುವ ಮಹಾದೇವಕ್ಕನ ಅನಂತ ನಮಸ್ಕಾರಗಳು. ತಮ್ಮ ಬಲಗಡೆಯ ದವಡೆ ಹಲ್ಲು ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಸೊಸೆ ಕಾಂಚನಾ ಮರಾಠಿಗೆ ಮಾಡಿ ತಮಗೂ ಕಳಿಸುತ್ತಾಳೆ. ಆದರೆ ಅವಳು ಕಾಲೇಜು ಓದಿದವಳು, ನಾನು ‘ಮೂರ್ಖತನ’ ಎಂದರೆ ‘ಗೈರಸಮಜ’, ಅಂದರೆ ತಪ್ಪು ತಿಳುವಳಿಕೆ, ಎಂದು ಬರೆದುಬಿಡುತ್ತಾಳೆ. ಆದ್ದರಿಂದ ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳ ಅಸಲು ಮಾತು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಾದರೂ ಉಳಿಯಲಿ.

ತಮ್ಮ ಯೋಜನೆ ಬಂಗಾರದಂಥದು. ಪೇಟೆಯ ನಡುವೆ ಯಾರ ಕಣ್ಣಿಗೂ ಬೀಳದವರಿಗೆ ಹೊಸ ಮಾರುಕಟ್ಟೆಯಲ್ಲಿ ಒಂದೊಂದು ಗಾಳಾ, ಅಂದರೆ ಶಟರ್ ಇರುವ ಪುಟ್ಟ ಅಂಗಡಿ ಕೊಡುತ್ತೀರಂತೆ. ಅರ್ಜಿ ಕೇಳಿದ್ದೆಲ್ಲ ನನ್ನಲ್ಲಿತ್ತು: ಹೆಂಗಸು ಹೌದು, ಮುದುಕಿ ಹೌದು, ಓದಿಲ್ಲದವಳು ಹೌದು, ಪರವೂರಿನವಳಂತೂ ನಲವತ್ತು ವರ್ಷದಿಂದ ಹೌದು. ಜನ್ಮದಲ್ಲಿ ನಾನು ಪಾಸಾದ ಮೊದಲ ಪರೀಕ್ಷೆ ಅದು. ವಾಗ್ಳೆ ಎಸ್ಟೇಟಿನ ನಮ್ಮ ಖೋಲಿಯಲ್ಲಿ ನನ್ನೊಡನೆ ರೊಟ್ಟಿ ಬಡಿಯುವ ಬಾಲಮ್ಮ ಚಾಳಿನವರಿಗೆಲ್ಲ ಪೇಢೆ ಹಂಚಿದಳು. ಯಾಕೆಂದರೆ ಮಳೆಗಾಲದ ಗಾಳಿ ತಾಗಿದರೆ ನಮ್ಮ ರೊಟ್ಟಿ ಮೆತ್ತಗಾಗುತ್ತದೆ, ಮೆತ್ತಗಾದರೆ ಯಾರೂ ಮುಟ್ಟುವುದಿಲ್ಲ. ಜೂನ್ ಬಂತೆಂದರೆ ನಾಲ್ಕು ತಿಂಗಳು ರೊಟ್ಟಿ ಬಡಿಯುವ ನಾವು ನಾಲ್ಕು ಹೆಂಗಸರು ಕೈಕಟ್ಟಿ ಕೂರಬೇಕು. ಆ ಶಟರ್ ನಮ್ಮ ಹೊಟ್ಟೆಯ ಮೇಲಿನ ಕೊಡೆ, ಸಾಹೇಬರೇ.

ಆಮೇಲೆ ತಾವು ತಪಾಸಣೆಗೆ ದಯಮಾಡಿಸಿದಿರಿ. ರೊಟ್ಟಿಯನ್ನು ಮುರಿಯದೆ, ಪಲ್ಯಕ್ಕೆ ಅದ್ದದೆ, ಕಬ್ಬು ಸಿಗಿಯುವವರಂತೆ ನೇರ ದವಡೆಗೆ ಕೊಟ್ಟಿರಿ. ಕಟ್ ಎಂದದ್ದು ರೊಟ್ಟಿಯೋ ಹಲ್ಲೋ ನನಗಿನ್ನೂ ತಿಳಿಯದು. ‘ಮಾವಶಿ, ಹೀ ತರ್ ಶಿಳೀ ಆಹೇ’, ಹಳಸಿದ್ದು ಎಂದಿರಿ. ಇದು ಕಡಕ್ ರೊಟ್ಟಿ, ಒಣಗಿಸಿಯೇ ಮಾಡುವುದು, ತಿಂಗಳಾದರೂ ಕೆಡುವುದಿಲ್ಲ ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ತಾವು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡು ನನಗೂ ಒಂದು ಪ್ರತಿ ಕೊಟ್ಟಿರಿ: ‘ರೊಟ್ಟಿ ಒಂದು ತಿಂಗಳ ಹಳೆಯದೆಂದು ಮಾಲಕಿಯೇ ಒಪ್ಪಿದ್ದಾಳೆ. ಮೆತ್ತಗಿನ ತಾಜಾ ರೊಟ್ಟಿ ಮಾಡಿದರೆ ಗಾಳಾ ಕೊಡುವುದನ್ನು ವಿಚಾರಿಸಬಹುದು.’

ಇಂಥ ಸೂಕ್ಷ್ಮ ಹಲ್ಲು ಒಂದು ರೊಟ್ಟಿಗೇ ಸವೆಯಬಾರದು. ಆದ್ದರಿಂದ ಪಕ್ಕದಲ್ಲಿ ಗಾಳಾ ಪಡೆದ ಖಾಖರಾದವರ ಒಣ ಚಪಾತಿಯನ್ನೂ ಮೆತ್ತಗೆ ಮಾಡಿಸಬೇಕು, ಹಪ್ಪಳಗಳಿಗೆ ನೀರು ಚಿಮುಕಿಸಲು ಒಬ್ಬ ಸಿಪಾಯಿಯನ್ನು ನೇಮಿಸಬೇಕು, ಚಹಾದ ಅಂಗಡಿಯ ಟೋಸ್ಟು ಯಾವ ಅಧಿಕಾರದಿಂದ ಗರಿಗರಿ ಇದೆ ಎಂದು ವಿವರಣೆ ಕೇಳಬೇಕು. ನಮ್ಮ ರೊಟ್ಟಿ ಒಣಗಿಸುವ ಸೂರ್ಯನಿಗೂ ಒಂದು ನೋಟಿಸು ಹೋಗಲಿ. ಅವನ ವಿಳಾಸ ನಮ್ಮ ಚಾಳಿನ ಮಾಳಿಗೆ, ಹತ್ತು ಗಂಟೆಯ ಮೇಲೆ ಖಂಡಿತ ಸಿಗುತ್ತಾನೆ.

ಇಷ್ಟು ಆಗದಿದ್ದರೆ ಒಂದು ಸಣ್ಣ ಕೆಲಸವಾದರೂ ಮಾಡಿ. ಸೋಮವಾರ ಊಟಕ್ಕೆ ಬನ್ನಿ. ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇಟ್ಟಿರುತ್ತೇನೆ. ರೊಟ್ಟಿಯನ್ನು ಹೇಗೆ ಮುರಿಯಬೇಕೆಂದು ಫೀ ಇಲ್ಲದೆ ಕಲಿಸುತ್ತೇನೆ. ಕಲಿಯುವುದರಲ್ಲಿ ನಾಚಿಕೆ ಬೇಡ. ನನಗೂ ಮೂರನೇ ಇಯತ್ತೆಯಲ್ಲಿ ಮಗ್ಗಿ ತಲೆಗೆ ಹತ್ತಿರಲಿಲ್ಲ. ಉಂಡೆದ್ದ ಮೇಲೆ ಬರೆದದ್ದನ್ನು ತಿದ್ದಿ.

ತಮ್ಮ ವಿಶ್ವಾಸಿಯೂ, ತಮ್ಮ ಕಾಗದದ ಪ್ರಕಾರ ಹಳಸಿದವಳೂ ಆದ
ಮಹಾದೇವಕ್ಕ

ತಾ.ಕ.: ಪ್ರತಿ ಮಂಗಳವಾರ ಸೊಲ್ಲಾಪುರದ ಕಡೆಯ ಹೆಂಗಸೊಬ್ಬರು, ಎಲ್ಲರೂ ಬಾಯಿ ಎನ್ನುವವರು, ಇಪ್ಪತ್ತೈದು ಕಡಕ್ ರೊಟ್ಟಿ ಒಯ್ಯುತ್ತಾರೆ, ಒಂದು ಮೆತ್ತಗಿದ್ದರೂ ಜಗಳಕ್ಕೆ ನಿಲ್ಲುತ್ತಾರೆ. ಮನೆಯಲ್ಲಿ ಪುಡಿ ಮಾಡಿ ಬೇಳೆಸಾರಿನಲ್ಲಿ ನೆನೆಸಿ ಬಡಿಸಿದರೆ ಯಜಮಾನರು ಎರಡು ಸಲ ಹಾಕಿಸಿಕೊಳ್ಳುತ್ತಾರಂತೆ. ಈ ವಾರ ಅವರನ್ನು ಸ್ಕೂಟರಿನಿಂದ ಇಳಿಸಿ, ನನ್ನನ್ನು ಕಂಡೊಡನೆ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡವರು ತಾವೇ. ತಮ್ಮ ವರದಿಯನ್ನು ಬಾಯಿಯವರಿಗೆ ನಾನಿನ್ನೂ ತೋರಿಸಿಲ್ಲ. ಸೋಮವಾರ ಕಳೆದರೆ ಮಂಗಳವಾರ.